ಫ್ಲೂಕ್ ರಿಜಿಸ್ಟರ್

ಸೋತವನೇ ಟೇಬಲ್ ದುಡ್ಡು ಕೊಡಬೇಕು. ನಾನು ಆಡಿದ ಯಾವ ಪೂಲ್ ಪಾರ್ಲರಿನಲ್ಲೂ ಇದನ್ನು ಗೋಡೆ ಮೇಲೆ ಬರೆದಿರಲಿಲ್ಲ. ಆದರೆ ಎಲ್ಲರಿಗೂ ಗೊತ್ತು. ಹೋದ ವರ್ಷ ಜೂನ್ ತಿಂಗಳಿಡೀ ನಾನು ಎಷ್ಟು ಸಲ ಪರ್ಸ್ ತೆಗೆದೆ ಅಂದರೆ, ಕೊನೆ ಕೊನೆಗೆ ಟೇಬಲ್, ಬಿಲ್ಲು ನೋಡಿಕೊಳ್ಳುವ ಮಾರ್ಕರ್ ಹುಡುಗ ಕೊನೆಯ ಬಾಲ್, ಬ್ಲ್ಯಾಕ್, ಇನ್ನೂ ಟೇಬಲ್ ಮೇಲೆ ಇರುವಾಗಲೇ ನನ್ನ ಮುಖ ನೋಡಿಕೊಂಡು ಬಿಲ್ ಬರೆಯೋಕೆ ಶುರು ಮಾಡಿದ್ದ.

ನಾನು ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ಕೆಲಸ ಮಾಡುತ್ತೇನೆ. ವಯಸ್ಸು ನಲವತ್ತೊಂದು. ಊರು ತಿಪಟೂರು. ಚಿಕ್ಕಂದಿನಲ್ಲಿ ಕೇರಂ ಚೆನ್ನಾಗಿ ಆಡುತ್ತಿದ್ದೆ, ಬೀದಿಯ ಮಟ್ಟಿಗೆ. ಆ ಧೈರ್ಯದ ಮೇಲೆ ಮೂರು ವರ್ಷದ ಹಿಂದೆ ಕ್ಯೂ, ಅಂದರೆ ಪೂಲ್ ಆಡುವ ಕೋಲು, ಹಿಡಿದೆ. ಮನೆಗೆ ಹೋಗುವ ದಾರಿಯಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಮೂರು ಟೇಬಲ್ಲಿನ ಪಾರ್ಲರ್. ಸಂಜೆ ಏಳೂವರೆಗೆ ಹತ್ತಿದರೆ ಕೆಳಗಿನಿಂದ ಬನ್ನಿನ ವಾಸನೆ, ಮೇಲೆ ಚಾಕ್ ಪುಡಿಯ ವಾಸನೆ. ನನ್ನ ಹೆಂಡತಿ ಇದನ್ನು ‘ಮೇಲಿನ ಮನೆ’ ಅನ್ನುತ್ತಾಳೆ.

ಕೇರಂ ಬಂದವನಿಗೆ ಪೂಲ್ ಬೇಗ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಕೋನ ಕಣ್ಣಿಗೆ ಕಾಣುತ್ತದೆ, ಕೈ ನಡುಗುವುದಿಲ್ಲ. ಆದರೆ ಕೇರಂನಲ್ಲಿ ಸ್ಟ್ರೈಕರ್ ಎಲ್ಲಿ ಹೋಗಿ ನಿಂತರೂ ತೊಂದರೆ ಇಲ್ಲ, ಮತ್ತೆ ಕೈಗೆ ಬರುತ್ತದೆ, ಗೆರೆಯ ಮೇಲೆ ಬೇಕಾದ ಕಡೆ ಇಟ್ಟುಕೊಳ್ಳಬಹುದು. ಪೂಲ್‌ನಲ್ಲಿ ಕ್ಯೂನಿಂದ ಹೊಡೆಯುವ ಬಿಳಿ ಬಾಲ್, ವೈಟ್, ಎಲ್ಲಿ ನಿಂತಿತೋ ಮುಂದಿನ ಹೊಡೆತ ಅಲ್ಲಿಂದಲೇ. ಈ ಒಂದು ವ್ಯತ್ಯಾಸ ನನ್ನ ತಲೆಗೆ ಇಳಿಯೋಕೆ ಎರಡೂವರೆ ವರ್ಷ ಬೇಕಾಯಿತು. ಅಲ್ಲಿಯವರೆಗೆ ನಾನು ಬಾಲ್ ಹಾಕುತ್ತಿದ್ದೆ, ವೈಟ್ ಎಲ್ಲಾದರೂ ಹೋಗಿ ನಿಲ್ಲುತ್ತಿತ್ತು. ಒಳ್ಳೆ ಕಡೆ ನಿಂತರೆ ನನ್ನ ಆಟ, ಕೆಟ್ಟ ಕಡೆ ನಿಂತರೆ ನನ್ನ ಹಣೆಬರಹ.

ನಮ್ಮಲ್ಲಿ ಆಡುವುದು ಎಂಟು ಬಾಲಿನ ಆಟ. ಒಬ್ಬನಿಗೆ ಸ್ಮಾಲ್, ಅಂದರೆ 1ರಿಂದ 7. ಇನ್ನೊಬ್ಬನಿಗೆ ಬಿಗ್, 9ರಿಂದ 15. ತನ್ನ ಏಳೂ ಹಾಕಿದ ಮೇಲೆ 8ನೇದು, ಬ್ಲ್ಯಾಕ್. ಅಂತಾರಾಷ್ಟ್ರೀಯ ನಿಯಮದಲ್ಲಿ ಯಾವ ಬಾಲ್ ಯಾವ ಪಾಕೆಟಿಗೆ ಅಂತ ಮೊದಲೇ ಹೇಳಬೇಕು. ನಮ್ಮ ಪಾರ್ಲರಿನಲ್ಲಿ ಬ್ಲ್ಯಾಕಿಗೆ ಮಾತ್ರ ಹೇಳಿದರೆ ಸಾಕು. ಉಳಿದವು ಎಲ್ಲಿ ಬಿದ್ದರೂ ಬಿದ್ದ ಹಾಗೇ, ಆಟ ಮುಂದುವರಿಯುತ್ತದೆ. ಅಂದರೆ ಫ್ಲೂಕಿಗೆ, ಅದೃಷ್ಟಕ್ಕೆ ಬೀಳುವ ಬಾಲಿಗೆ, ಬಾಗಿಲು ತೆರೆದೇ ಇದೆ. ಗುರಿ ಇಟ್ಟದ್ದು ಮೂಲೆಗೆ, ಬಾಲ್ ಪಾಕೆಟಿನ ಬಾಯಲ್ಲಿ ಗಡಗಡ ಅಂದು ಹೊರಬಂದು, ಇಡೀ ಟೇಬಲ್ ಸುತ್ತಿ ಇನ್ನೊಂದು ಪಾಕೆಟಿನಲ್ಲಿ ಬೀಳುತ್ತದೆ. ಎದುರಾಳಿ ಹೆಗಲು ಕುಣಿಸಿ ಮುಂದಿನ ಬಾಲಿಗೆ ಹೋಗುತ್ತಾನೆ. ಕುರ್ಚಿಯಲ್ಲಿ ಕೂತವನ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಆಡಿದವರಿಗೇ ಗೊತ್ತು.

ಜೂನ್ ಕೊನೆಗೆ ನನಗೆ ಖಾತ್ರಿಯಾಗಿತ್ತು. ನನ್ನ ಎದುರು ಆಡುವವರಿಗೇ ಫ್ಲೂಕ್ ಜಾಸ್ತಿ. ಕೊರಿಯರ್ ಹುಡುಗನಿಗೆ, ಮೊಬೈಲ್ ಅಂಗಡಿಯವನಿಗೆ, ನಿನ್ನೆ ಮೊನ್ನೆ ಕ್ಯೂ ಹಿಡಿದ ಕಾಲೇಜು ಪಡ್ಡೆಗಳಿಗೆ.

ಮೊದಲು ನಾನು ಸಾಮಾನಿನ ಮೇಲೆ ಅನುಮಾನಪಟ್ಟೆ. ಅದು ನಮ್ಮ ವೃತ್ತಿಯ ಚಟ. ಒಂದು ದಿನ ಫ್ಯಾಕ್ಟರಿಯಿಂದ ಬರುವಾಗ ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿ ಹಾಕಿಕೊಂಡು ಬಂದೆ. ಪೂಲ್ ಬಾಲ್ 57.15 ಮಿಲಿಮೀಟರ್ ಇರಬೇಕು, ತೂಕ 156ರಿಂದ 170 ಗ್ರಾಂ. ಬಣ್ಣದ ಬಾಲ್‌ಗಳು ಹೆಚ್ಚುಕಡಿಮೆ ಸರಿಯಾಗೇ ಇದ್ದವು. ವೈಟ್ ಅಳೆದೆ, 56.4. ಮತ್ತೆ ತಿರುಗಿಸಿ ಅಳೆದೆ, 56.5. ಪ್ರತಿ ಹೊಡೆತಕ್ಕೂ ಪೆಟ್ಟು ತಿನ್ನುವುದು, ಬಟ್ಟೆ ಮೇಲೆ ಜಾರುವುದು ವೈಟೇ ಅಲ್ವಾ, ಅದು ಎಲ್ಲದಕ್ಕಿಂತ ಮೊದಲು ಸವೆಯುತ್ತದೆ. ನಮ್ಮ ಶಾಪಿನಲ್ಲಿ ಆಗಿದ್ದರೆ ಕೆಂಪು ಪೇಂಟ್ ಬಳಿದು ರಿಜೆಕ್ಷನ್ ಡಬ್ಬಕ್ಕೆ ಎಸೆಯುತ್ತಿದ್ದೆ. ಹಗುರವಾದ ವೈಟಿಗೆ ಸ್ಕ್ರೂ, ಅಂದರೆ ನಡುವಿಗಿಂತ ಕೆಳಗೆ, ಹೊಡೆದರೆ ಜಾಸ್ತಿ ಹಿಂದೆ ಬರುತ್ತದೆ, ಫಾಲೋ, ಅಂದರೆ ನಡುವಿಗಿಂತ ಮೇಲೆ, ಹೊಡೆದರೆ ಮುಂದೆ ಹೋಗೋಕೆ ಒದ್ದಾಡುತ್ತದೆ. ನಾನು ಇದನ್ನೆಲ್ಲ ಮಾರ್ಕರ್ ಹುಡುಗನಿಗೆ ವಿವರವಾಗಿ ಹೇಳಿದೆ. ರಾಯಚೂರು ಕಡೆಯವನು. ಪೂರ್ತಿ ಕೇಳಿಸಿಕೊಂಡು, ಬ್ರಷ್ಷಿನಿಂದ ಬಟ್ಟೆ ಉಜ್ಜುತ್ತಲೇ ಹೇಳಿದ.

“ಇಬ್ರಿಗೂ ಅದೇ ಬಾಲ್ ಐತಲ್ರೀ ಸಾರ್.”

ನಾನು ವರ್ನಿಯರ್ ಮುಚ್ಚಿ ಒಳಗಿಟ್ಟೆ.

ಆಮೇಲೆ ಶುರುವಾಗಿದ್ದೇ ರಿಜಿಸ್ಟರ್. ನೂರು ಪುಟದ ರೂಲ್ಡ್ ನೋಟ್‌ಬುಕ್. ತಾರೀಖು, ಯಾರ ಜೊತೆ, ಗೆದ್ದೆನೋ ಸೋತೆನೋ, ಕೊನೆಗೆ ‘ಲಕ್’ ಅಂತ ಒಂದು ಕಾಲಂ. ಎದುರಾಳಿಗೆ ಫ್ಲೂಕ್ ಬಿದ್ದರೆ ಒಂದು ಗೆರೆ. ಹಾಕದೆ ಬಿಟ್ಟ ಬಾಲ್ ಉರುಳಿ, ವೈಟ್ ಬೇರೆ ಬಾಲಿನ ಹಿಂದೆ ಅಡಗಿ ನನಗೆ ಹೊಡೆಯೋಕೆ ದಾರಿಯೇ ಇಲ್ಲದ ಹಾಗೆ ಆದರೆ ಅದಕ್ಕೂ ಒಂದು ಗೆರೆ. ನನ್ನ ವೈಟ್ ಹೋಗಿ ಪಾಕೆಟಿಗೆ ಬಿದ್ದರೆ, ಅಂದರೆ ಇನ್‌ಆಫ್ ಆದರೆ, ಅದಕ್ಕೂ ಗೆರೆ. ಜುಲೈ ಪೂರ್ತಿ ಬರೆದೆ. 52 ಫ್ರೇಮ್, ಅಂದರೆ 52 ಆಟ, 31 ಸೋಲು, ಲಕ್ ಕಾಲಂನಲ್ಲಿ ತುಂಬಾ ಗೆರೆ. ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ. ನೋಡಿ, ಲೆಕ್ಕ ಇಲ್ಲಿದೆ, ನಾನು ಕೆಟ್ಟ ಆಟಗಾರ ಅಲ್ಲ.

ಒಂದು ಸಂಜೆ ಮಳೆ. ಯಾರೂ ಬಂದಿರಲಿಲ್ಲ. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿ ಟೇಬಲ್ ಭಾರವಾಗುತ್ತದೆ, ಬಾಲ್‌ಗಳು ಕೆಸರಿನಲ್ಲಿ ಉರುಳಿದ ಹಾಗೆ ಉರುಳುತ್ತವೆ. ಮಾರ್ಕರ್ ಹುಡುಗ ರಿಜಿಸ್ಟರ್ ತೆಗೆದು ಒಂದೊಂದೇ ಪುಟ ಮಗುಚಿದ. ತಿರುವಿ ಮತ್ತೆ ಮೊದಲ ಪುಟಕ್ಕೆ ಬಂದ.

“ಸಾರ್, ನಿಮಗ ಬಿದ್ದಿದ್ದು ಎಲ್ಲಿ ಬರ್ದೀರಿ?”

“ಏನು?”

“ನಿಮ್ದೂ ಫ್ಲೂಕ್ ಬೀಳ್ತಾವಲ್ರೀ. ನಿನ್ನೆ ಆ ಹಸಿರು ಆರು ನಡುವಿನ ಪಾಕೆಟಿಗೆ ಬಿತ್ತಲ್ಲ, ನೀವು ಹೊಡೆದಿದ್ದು ಮೂಲೀಗೆ.”

ಹೌದು, ಬಿದ್ದಿತ್ತು. ನನಗೆ ನೆನಪೇ ಇರಲಿಲ್ಲ. ನೆನಪಿರಲಿಲ್ಲ ಅನ್ನುವುದಕ್ಕಿಂತ, ಅದು ಬಿದ್ದ ಆ ಕ್ಷಣದಲ್ಲೇ ನಾನು ಅದನ್ನು ನನ್ನ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ. ಹತ್ತಿರದಲ್ಲೇ ಹೊಡೆದಿದ್ದೆನಲ್ಲ, ಸುಮಾರು ಸರಿಯಾಗೇ ಇತ್ತು, ಹಾಗಾಗಿ ಬಿತ್ತು. ಎದುರಾಳಿಯದು ಬಿದ್ದರೆ ದೇವರ ಕೈವಾಡ, ನನ್ನದು ಬಿದ್ದರೆ ಅಭ್ಯಾಸದ ಫಲ.

ಆವತ್ತಿನಿಂದ ನನ್ನ ಫ್ಲೂಕ್ ಬರೆಯುವ ಕೆಲಸ ಅವನದು. ನನ್ನ ಕೈಗೆ ಆ ಕಾಲಂ ಕೊಡಲೇ ಇಲ್ಲ. ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು, 60 ಫ್ರೇಮ್. ಅವರಿಗೆ ಬಿದ್ದದ್ದು 21, ನನಗೆ ಬಿದ್ದದ್ದು 17. ಹುಡುಗ ನನ್ನ ಮೇಲೆ ಸ್ವಲ್ಪ ಕಟ್ಟುನಿಟ್ಟಾಗೇ ಇದ್ದ, ಒಂದೆರಡು ಜಾಸ್ತಿ ಬರೆದಿರಬಹುದು. ಆದರೂ ಇಷ್ಟು ಸಣ್ಣ ವ್ಯತ್ಯಾಸದಿಂದ ಅಷ್ಟೊಂದು ಟೇಬಲ್ ದುಡ್ಡು ಹೋಗೋಕೆ ಸಾಧ್ಯವಿಲ್ಲ. ಸೋರಿಕೆ ಬೇರೆ ಎಲ್ಲೋ ಇತ್ತು.

ಅದನ್ನು ಹಿಡಿದವನೂ ಅವನೇ. ಎದುರಾಳಿಗೆ ಫ್ಲೂಕ್ ಬಿದ್ದ ಫ್ರೇಮ್‌ಗಳಲ್ಲಿ ಮುಂದೆ ನನ್ನ ಸರದಿ ಬಂದಾಗ ಏನಾಯಿತು ಅಂತ ಇನ್ನೊಂದು ಕಾಲಂ ಹಾಕಿದೆವು. 21ರಲ್ಲಿ 13 ಸಲ ಮೊದಲ ಹೊಡೆತವೇ ಮಿಸ್. ಅದರಲ್ಲಿ ಒಂಬತ್ತು, ಕಣ್ಣು ಮುಚ್ಚಿ ಹಾಕುವಂಥ ಬಾಲ್‌ಗಳು. ಯಾಕೆ ಅಂತ ನಾನು ಏನೇನೋ ಯೋಚನೆ ಮಾಡುತ್ತಿದ್ದೆ, ಏಕಾಗ್ರತೆ, ಉಸಿರಾಟ ಅಂತೆಲ್ಲ. ಅವನು ನೋಡಿದ್ದು ಬೇರೆ.

“ಆವಾಗ ನೀವು ಚಾಕ್ ಹಚ್ಚಂಗಿಲ್ರೀ ಸಾರ್.”

ಬೇರೆ ಹೊತ್ತು ನಾನು ಪ್ರತಿ ಹೊಡೆತಕ್ಕೂ ಕ್ಯೂ ತುದಿಗೆ, ಅಂದರೆ ಟಿಪ್ಪಿಗೆ, ಚಾಕ್ ಹಚ್ಚುತ್ತೇನೆ. ಫ್ಲೂಕ್ ಬಿದ್ದು ನನ್ನ ಸರದಿ ಬಂದರೆ ಕುರ್ಚಿಯಿಂದ ಎದ್ದವನು ನೇರ ಹೋಗಿ ಬಗ್ಗಿ ಹೊಡೆದುಬಿಡುತ್ತಿದ್ದೆನಂತೆ. ಸಾಲ ವಸೂಲಿ ಮಾಡೋಕೆ ಹೋದವನ ಹಾಗೆ. ಚಾಕ್ ಇಲ್ಲದ ಟಿಪ್ ಜಾರುತ್ತದೆ. ವೈಟಿನ ನಡುವಿನಿಂದ ಸ್ವಲ್ಪ ಆಚೆ ಹೊಡೆದರೂ ಸಾಕು, ಟಕ್ ಅಂತ ಮಿಸ್‌ಕ್ಯೂ. ಆದರೆ ಅದಕ್ಕಿಂತ ಮುಖ್ಯ, ಚಾಕ್ ಹಚ್ಚುವ ಆ ಐದಾರು ಸೆಕೆಂಡಿನಲ್ಲೇ ನಾನು ಟೇಬಲ್ ನೋಡುತ್ತಿದ್ದದ್ದು. ಅದು ಇಲ್ಲದಿದ್ದಾಗ ಟೇಬಲನ್ನೇ ನೋಡುತ್ತಿರಲಿಲ್ಲ. ಕಣ್ಣ ಮುಂದೆ ಇನ್ನೂ ಅವನ ಫ್ಲೂಕೇ ಓಡುತ್ತಿತ್ತು.

ಇದು ತಿಳಿದ ಮೇಲೆ ಚಾಕಿನ ಒಂದು ತುಂಡನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳೋಕೆ ಶುರು ಮಾಡಿದೆ. ಹೆಂಡತಿ ಬಟ್ಟೆ ಒಗೆಯುವಾಗ ಎರಡು ಶರ್ಟು ನೀಲಿಯಾದವು. ಆ ಕಥೆ ಬೇಡ.

ಇನ್‌ಆಫ್ ವಿಷಯ ಮಾತ್ರ ಪೂರ್ತಿ ಬೇರೆ ಕಡೆಯಿಂದ ಬಗೆಹರಿಯಿತು. ನಮ್ಮಲ್ಲಿ ಒಬ್ಬರು ಅಂಕಲ್ ಬರುತ್ತಾರೆ, ಎಚ್‌ಎಂಟಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಸ್ವಂತ ಕ್ಯೂ ಇಲ್ಲ. ಸ್ಟ್ಯಾಂಡಿನಲ್ಲಿ ಇರೋದರಲ್ಲಿ ನೆಟ್ಟಗಿರುವುದನ್ನು ಟೇಬಲ್ ಮೇಲೆ ಉರುಳಿಸಿ ನೋಡಿ ತೆಗೆದುಕೊಳ್ಳುತ್ತಾರೆ. ಜೋರಾಗಿ ಹೊಡೆದದ್ದನ್ನು ನಾನು ನೋಡಿಲ್ಲ. ಒಂದು ಸಲ ನನ್ನ ವೈಟ್ ಮೂಲೆಗೆ ಬಿದ್ದಾಗ “ಥೂ, ಕರ್ಮ” ಅಂದೆ. ಅಂಕಲ್ ಅದೇ ಬಾಲ್‌ಗಳನ್ನು ಎತ್ತಿ ಮತ್ತೆ ಅದೇ ಜಾಗದಲ್ಲಿ ಇಟ್ಟರು.

“ಹೊಡೆಯೋ ಮುಂಚೆ ಹೇಳಪ್ಪಾ, ವೈಟ್ ಎಲ್ಲಿಗೆ ಹೋಗತ್ತೆ?”

ನನಗೆ ಹೇಳೋಕೆ ಬರಲಿಲ್ಲ. ಬಾಲ್ ಎಲ್ಲಿಗೆ ಹೋಗುತ್ತದೆ ಅಂತ ಹೇಳಬಲ್ಲೆ, ವೈಟ್ ಗೊತ್ತಿಲ್ಲ. ಮೂರು ವರ್ಷ ಆಡಿದ್ದೇನೆ!

ಅಂಕಲ್ ಹೆಬ್ಬೆರಳು, ತೋರುಬೆರಳು ಅಗಲಿಸಿ ಮೂಲೆಮಟ್ಟದ ಹಾಗೆ ಹಿಡಿದು ಬಾಲಿನ ಪಕ್ಕ ಇಟ್ಟರು. ಬಾಲ್ ಪಾಕೆಟಿಗೆ ಹೋಗುವ ಗೆರೆ ಒಂದು ಬೆರಳು. ವೈಟ್ ಉರುಳದೆ ಜಾರಿಕೊಂಡು ಬಂದು ತಾಗಿದರೆ, ಅಂದರೆ ಸ್ಟನ್ ಆದರೆ, ಅದು ಹೊರಡುವುದು ಇನ್ನೊಂದು ಬೆರಳಿನ ದಿಕ್ಕಿಗೆ, ತೊಂಬತ್ತು ಡಿಗ್ರಿಯಲ್ಲಿ. ಆ ಬೆರಳು ನೆಟ್ಟಗೆ ಎದುರು ಮೂಲೆಯ ಪಾಕೆಟ್ ತೋರಿಸುತ್ತಿತ್ತು. ವೈಟ್ ಚೆನ್ನಾಗಿ ಉರುಳಿಕೊಂಡು ಬಂದು ಬಾಲನ್ನು ಅರ್ಧ ಮರೆ ಮಾಡಿ ತಾಗಿದರೆ ತಾನು ಬಂದ ದಾರಿಯಿಂದ ಸುಮಾರು ಮೂವತ್ತು ಡಿಗ್ರಿ ಮಾತ್ರ ತಿರುಗುತ್ತದೆ. ಹಾಗಾಗಿ ಅಲ್ಲಿ ಸ್ವಲ್ಪ ಮೇಲೆ ಹೊಡೆದಿದ್ದರೆ ವೈಟ್ ಪಾಕೆಟಿನಿಂದ ಒಂದಡಿ ಆಚೆ ಹೋಗುತ್ತಿತ್ತು. ಇಷ್ಟೇ. ಕರ್ಮ ಅಂತ ನಾನು ಬರೆದಿಟ್ಟಿದ್ದ ಗೆರೆಗಳಲ್ಲಿ ಎಷ್ಟೋ ಹೈಸ್ಕೂಲಿನ ಜಾಮಿಟ್ರಿ. ಮನೆಗೆ ಹೋಗಿ ಇನ್‌ಆಫ್ ಗೆರೆಗಳನ್ನೆಲ್ಲ ಲಕ್ ಕಾಲಂನಿಂದ ಹೊಡೆದುಹಾಕಿದೆ. ಕಾಲಂ ಅರ್ಧ ಖಾಲಿಯಾಯಿತು.

ಆಮೇಲೆ ಒಂದು ತಿಂಗಳು ನಾನು ಮಾಡಿದ ಅಭ್ಯಾಸ ಇದೊಂದೇ. ಹೊಡೆಯುವ ಮೊದಲು ವೈಟ್ ಎಲ್ಲಿ ನಿಲ್ಲುತ್ತದೆ ಅಂತ ಬಾಯಿಬಿಟ್ಟು ಹೇಳುವುದು. ಪಕ್ಕದ ಟೇಬಲ್ಲಿನ ಹುಡುಗರು ನಗುತ್ತಿದ್ದರು. ಮೊದಲ ವಾರ ಒಂದಡಿ, ಎರಡಡಿ ತಪ್ಪು. ತಿಂಗಳ ಕೊನೆಗೆ ಅಂಗೈ ಅಗಲಕ್ಕೆ ಬಂತು. ಯಾವಾಗಲೂ ಅಲ್ಲ.

ಇಲ್ಲಿ ಒಂದು ಲೆಕ್ಕ ಹೇಳಬೇಕು, ನನ್ನ ಕಣ್ಣು ತೆರೆಸಿದ್ದು. ಒಂದು ಫ್ರೇಮ್ ಒಂದೇ ಸರದಿಯಲ್ಲಿ ಮುಗಿಸಬೇಕಾದರೆ ಏಳು ಬಾಲ್, ಒಂದು ಬ್ಲ್ಯಾಕ್, ಒಟ್ಟು ಎಂಟು ಹೊಡೆತ. ಹತ್ತಕ್ಕೆ ಎಂಟು ಹಾಕುವವನಿಗೆ ಎಂಟೂ ಸತತವಾಗಿ ಬೀಳುವ ಸಾಧ್ಯತೆ ನೂರಕ್ಕೆ 17. ಹತ್ತಕ್ಕೆ ಒಂಬತ್ತು ಹಾಕುವವನಿಗೆ ನೂರಕ್ಕೆ 43. ಒಂದೇ ಒಂದು ಬಾಲ್ ವ್ಯತ್ಯಾಸ, ಫಲ ಎರಡೂವರೆ ಪಟ್ಟು. ಆ ಒಂದು ಬಾಲನ್ನು ಗುರಿಯಿಂದ ಗಳಿಸೋದು ಕಷ್ಟ, ನಲವತ್ತರ ಮೇಲೆ ಕಣ್ಣು ಇನ್ನೇನು ಚುರುಕಾಗುತ್ತೆ. ವೈಟನ್ನು ಹತ್ತಿರ ನಿಲ್ಲಿಸಿಕೊಂಡರೆ ಮಾತ್ರ ಅದು ಸಿಗುತ್ತದೆ, ಯಾಕೆಂದರೆ ಆಗ ಹೊಡೆತವೇ ಸುಲಭ. ಅಂಕಲ್ ಕಷ್ಟದ ಬಾಲ್ ಹಾಕಿದ್ದನ್ನು ನಾನು ಯಾಕೆ ನೋಡಿಲ್ಲ ಅಂತ ಆಗ ಅರ್ಥವಾಯಿತು. ಅವರಿಗೆ ಕಷ್ಟದ ಬಾಲ್ ಬರುವುದೇ ಇಲ್ಲ.

ಹಾಗಂತ ಅದೃಷ್ಟ ಅನ್ನೋದೇ ಸುಳ್ಳು ಅಂತ ನಾನು ಹೇಳುವುದಿಲ್ಲ. ಇದೆ. ವಾರಾಂತ್ಯದ ಟೂರ್ನಮೆಂಟ್‌ಗಳಲ್ಲಂತೂ ಧಾರಾಳವಾಗಿದೆ. ಟೇಬಲ್ ಕಡಿಮೆ, ಆಟಗಾರರು ಜಾಸ್ತಿ, ಹಾಗಾಗಿ ಮೊದಲು ಮೂರು ಫ್ರೇಮ್ ಗೆದ್ದವನು ಮುಂದಕ್ಕೆ. ಹತ್ತು ಫ್ರೇಮಿನಲ್ಲಿ ಆರು ಗೆಲ್ಲಬಲ್ಲ ಒಳ್ಳೆ ಆಟಗಾರ ಇಂಥ ಪಂದ್ಯ ಗೆಲ್ಲುವುದು ನೂರಕ್ಕೆ 68 ಸಲ. ಏಳು ಫ್ರೇಮ್ ಗೆಲ್ಲಬೇಕು ಅಂತ ಇಟ್ಟರೆ 77. ಅಂದರೆ ಮೂರರ ಪಂದ್ಯದಲ್ಲಿ ಸುಮಾರು ಮೂರಕ್ಕೆ ಒಂದು ಸಲ ಕಡಿಮೆ ಆಟದವನೇ ಗೆದ್ದು ಹೋಗುತ್ತಾನೆ. ನನ್ನಂಥವರು ಎಂಟ್ರಿ ಫೀ ಕಟ್ಟುವುದೇ ಆ ಮೂರಕ್ಕೆ ಒಂದರ ಆಸೆಗೆ. ಬರೀ ಒಳ್ಳೆಯವರೇ ಗೆಲ್ಲುವ ಹಾಗಿದ್ದರೆ ನಾವೆಲ್ಲ ಯಾಕೆ ಹೋಗುತ್ತಿದ್ದೆವು?

ಅಮೆರಿಕದಲ್ಲಿರುವ ನನ್ನ ಭಾಮೈದ ಅಲ್ಲಿನ ಎಪಿಎ ಲೀಗಿನಲ್ಲಿ ಆಡುತ್ತಾನೆ. ಅಲ್ಲಿ ಹವ್ಯಾಸಿಗಳಿಗೆ ಆಟದ ಮಟ್ಟ ನೋಡಿ ಅಂಕ ಕೊಟ್ಟಿರುತ್ತಾರಂತೆ, ಎಂಟು ಬಾಲಿನ ಆಟಕ್ಕೆ 2ರಿಂದ 7ರವರೆಗೆ. 2ರವನು 7ರವನ ಮೇಲೆ ಆಡಿದರೆ ಅವನು ಎರಡೇ ಗೇಮ್ ಗೆದ್ದರೆ ಸಾಕು, 7ರವನು ಏಳು ಗೆಲ್ಲಬೇಕು. ತಂಡದಲ್ಲಿ ಆಡುವ ಐದು ಜನರ ಅಂಕ ಕೂಡಿದರೆ 23 ದಾಟಬಾರದು. ಎಷ್ಟು ನ್ಯಾಯ ಅಲ್ವಾ ಅಂದೆ. “ನ್ಯಾಯನೇ ಭಾವ, ಆದ್ರೆ ಕೆಲವರು ಬೇಕಂತ ಸೋತು ಅಂಕ ಕಮ್ಮಿ ಇಟ್ಕೋತಾರೆ” ಅಂದ. ಬೇಕಂತ ಸೋಲೋದು! ಇಲ್ಲಿ ಟೇಬಲ್ ದುಡ್ಡು ಕೊಡಬೇಕಾಗಿದ್ದರೆ ಗೊತ್ತಾಗುತ್ತಿತ್ತು.

ಇನ್ನು ಸ್ವಭಾವದ ಮಾತು. ನಮ್ಮ ಪಾರ್ಲರಿನಲ್ಲಿ ಎಲ್ಲರ ಬಾಯಲ್ಲೂ ಪಂಕಜ್ ಅಡ್ವಾಣಿ. ಇದೇ ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಕೈಯಲ್ಲಿ ಪಳಗಿ ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ವಿಶ್ವ ಚಾಂಪಿಯನ್ ಆದವರು. ಅವರ ಅಣ್ಣ ಶ್ರೀ ಅಡ್ವಾಣಿ ಕ್ರೀಡಾ ಮನಶ್ಶಾಸ್ತ್ರಜ್ಞರು. ಇದನ್ನು ಹೇಳಿ ಮೊಬೈಲ್ ಅಂಗಡಿಯವನು “ಮನೇಲೇ ಡಾಕ್ಟ್ರು ಇದ್ರೆ ನಾನೂ ತಣ್ಣಗೆ ಆಡ್ತಿದ್ದೆ ಗುರು” ಅನ್ನುತ್ತಾನೆ. ಆಮೇಲೆ ಉಮಾದೇವಿ ನಾಗರಾಜ್. ಸರ್ಕಾರಿ ನೌಕರಿ ಮಾಡಿಕೊಂಡೇ, ತಡವಾಗಿ ಕ್ಯೂ ಹಿಡಿದು, 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದ ಬೆಂಗಳೂರಿನವರು. ಈ ವಯಸ್ಸಿಗೆ ಇದೆಲ್ಲ ಬೇಕಾ ಅಂತ ಮನೆಯಲ್ಲಿ ಕೇಳಿದಾಗ ನಾನು ಮುಂದಿಡುವ ಹೆಸರು ಅದೇ.

ಆದರೆ ಶಾಂತವಾಗಿದ್ದವನೇ ಗೆಲ್ಲುತ್ತಾನೆ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಫಿಲಿಪೀನ್ಸಿನ ಎಫ್ರೆನ್ ರೆಯೆಸ್ ಆಡುವುದನ್ನು ನೋಡಿ. ತಲೆ ಕೆರೆದುಕೊಂಡು, ಪೆದ್ದು ನಗೆ ನಕ್ಕು, ಯಾರಿಗೂ ಕಾಣದ ದಾರಿಯಲ್ಲಿ ವೈಟ್ ಕಳಿಸುತ್ತಾರೆ. 1999ರ ಒಂಬತ್ತು ಬಾಲಿನ ವಿಶ್ವ ಚಾಂಪಿಯನ್. ಅವರ ಎದುರು ಎಷ್ಟೋ ಸಲ ಆಡಿದ ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಅದಕ್ಕೆ ತದ್ವಿರುದ್ಧ. ರೆಫರಿ ಜೊತೆ ಜಗಳ, ಪ್ರೇಕ್ಷಕರ ಜೊತೆ ಜಗಳ, ಸಾಮಾನಿನ ಜೊತೆ ಜಗಳ. ಆ ಮನುಷ್ಯ 1990, 1991, 2002, ಮೂರು ಸಲ ಅದೇ ವಿಶ್ವ ಪ್ರಶಸ್ತಿ ಗೆದ್ದಿದ್ದಾರೆ. ಕೂಗಾಡುತ್ತಾ ಗೆದ್ದಿದ್ದಾರೆ. ನನಗೆ ಅನಿಸುವುದು, ಸಿಟ್ಟು ಬಂದರೂ ಅವರ ಕೈ ತನ್ನ ಕೆಲಸ ಮರೆಯುವುದಿಲ್ಲ. ನನ್ನ ಕೈ ಚಾಕ್ ಮರೆಯುತ್ತದೆ. ಅಷ್ಟೇ ನನ್ನ ಸಮಸ್ಯೆ, ಸಿಟ್ಟಲ್ಲ.

ಅಂಕಲ್ ಕುರ್ಚಿಯಲ್ಲಿ ಕೂರುವುದನ್ನೂ ನಾನು ಗಮನಿಸಿದ್ದೆ. ಎದುರಾಳಿ ಹೊಡೆದ ತಕ್ಷಣ ಕನ್ನಡಕ ತೆಗೆದು ಕರ್ಚೀಫಿನಲ್ಲಿ ಒರೆಸುತ್ತಾರೆ. ಪ್ರತಿ ಸಲ. ಒಂದು ದಿನ ಕೇಳಿಯೇ ಬಿಟ್ಟೆ.

“ಆಟ ನೋಡಲ್ವಾ ಅಂಕಲ್?”

“ನೋಡ್ತೀನಪ್ಪಾ, ಬಾಲ್ ನಿಂತ ಮೇಲೆ. ಓಡೋವಾಗ ನೋಡಿ ಏನ್ ಮಾಡ್ಲಿ?”

ನಾನೂ ಕಣ್ಣು ಮುಚ್ಚಿ ಕೂರೋಕೆ ಪ್ರಯತ್ನಪಟ್ಟೆ. ಕಿವಿ ಇದೆಯಲ್ಲ. ಬಾಲ್ ಪಾಕೆಟಿಗೆ ಬಿದ್ದ ಸದ್ದು ಕೇಳಿ ಕುತೂಹಲ ತಡೆಯಲಾರದೆ ಕಣ್ಣು ಬಿಟ್ಟುಬಿಡುತ್ತಿದ್ದೆ. ನನ್ನ ಕೈಲಿ ಆಗಲಿಲ್ಲ.

ಅಕ್ಟೋಬರಿನಲ್ಲಿ ನಮ್ಮ ಪಾರ್ಲರಿನಲ್ಲೇ ಟೂರ್ನಮೆಂಟ್. 32 ಜನ, ನಾನೂರು ರೂಪಾಯಿ ಎಂಟ್ರಿ, ಮೊದಲ ಸುತ್ತುಗಳಲ್ಲಿ ಮೂರು ಫ್ರೇಮ್. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಪಂದ್ಯ, ಇಂಜಿನಿಯರಿಂಗ್ ಓದುವ ಹುಡುಗನ ಮೇಲೆ. ಒಳ್ಳೆ ಹೊಡೆತ, ನನಗಿಂತ ಗುರಿ ಚೆನ್ನಾಗಿತ್ತು. 1–1 ಆಗಿತ್ತು. ಮೂರನೇ ಫ್ರೇಮಿನಲ್ಲಿ ನನ್ನ 2ನೇ ನಂಬರಿನ ನೀಲಿ ಬಾಲ್ ಮೂಲೆಯ ಬಾಯಲ್ಲಿ ತತ್ತರಿಸಿ ಹೊರಗೆ ಬಂದು, ಟೇಬಲ್ಲಿನ ಉದ್ದ ಅಂಚಿನ ಕುಶನ್ನಿಗೆ ಬಡಿದು, ನಿಧಾನಕ್ಕೆ ಉರುಳುತ್ತಾ ಉರುಳುತ್ತಾ ನಡುವಿನ ಪಾಕೆಟಿನ ಅಂಚಿಗೆ ಬಂದು, ಒಂದು ಕ್ಷಣ ನಿಂತು, ಬಿತ್ತು.

ಕೈ ಎತ್ತಿದೆ. ಫ್ಲೂಕ್ ಬಿದ್ದರೆ ಕೈ ಎತ್ತಿ ಸಾರಿ ಕೇಳುವುದು ಸ್ನೂಕರಿನಿಂದ ಬಂದ ಮರ್ಯಾದೆ. ಮೂರು ವರ್ಷದಲ್ಲಿ ನಾನು ಅದನ್ನು ಮಾಡಿದ್ದು ಅದೇ ಮೊದಲು.

“ಪರ್ವಾಗಿಲ್ಲ ಅಣ್ಣ” ಅಂದ ಹುಡುಗ. ಮುಖ ಮಾತ್ರ ಪರ್ವಾಗಿಲ್ಲ ಅನ್ನುತ್ತಿರಲಿಲ್ಲ.

ಇನ್ನೊಂದು ಹಾಕಿ ನಾನು ಮಿಸ್ ಮಾಡಿದೆ. ಅವನು ಎದ್ದ. ನಾನು ಬಾಲ್ ನೋಡಲಿಲ್ಲ, ಅವನ ಕೈ ನೋಡಿದೆ. ಚಾಕ್ ಟೇಬಲ್ಲಿನ ಅಂಚಿನ ಮೇಲೆ, ಅವನ ಮೊಣಕೈಯಿಂದ ಒಂದು ಗೇಣು ದೂರದಲ್ಲೇ ಇತ್ತು. ಅವನು ನೇರ ಬಗ್ಗಿದ. ಹೊಟ್ಟೆಯೊಳಗೆ ಏನೋ ಒಂಥರಾ ಆಯಿತು. ಹೇಳಿಬಿಡೋಣ ಅನಿಸಿತು, ‘ಚಾಕ್ ಹಚ್ಕೋ ಮಗಾ’ ಅಂತ. ಹೇಳಲಿಲ್ಲ. ಟಕ್ ಅಂತ ಸದ್ದು ಬಂತು, ವೈಟ್ ಅಡ್ಡಡ್ಡ ಹೋಗಿ ನನ್ನ ಬಾಲಿಗೇ ಬಡಿಯಿತು. ಫೌಲ್, ಬಾಲ್ ಇನ್ ಹ್ಯಾಂಡ್, ಅಂದರೆ ವೈಟನ್ನು ನನಗೆ ಬೇಕಾದ ಕಡೆ ಇಟ್ಟು ಹೊಡೆಯಬಹುದು. ಆ ಫ್ರೇಮೂ ನನ್ನದು, ಮುಂದಿನದೂ ನನ್ನದು. ಗೋಡೆ ಹತ್ತಿರ ನಿಂತಿದ್ದ ಮಾರ್ಕರ್ ಹುಡುಗ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಎರಡನೇ ಸುತ್ತು 3–2. ಹೇಳುವಂಥದ್ದು ಏನಿಲ್ಲ, ಇಬ್ಬರೂ ಕೆಟ್ಟದಾಗಿ ಆಡಿದೆವು, ಅವನು ಸ್ವಲ್ಪ ಜಾಸ್ತಿ. ಸಂಜೆ ಪ್ರೀ ಕ್ವಾರ್ಟರ್ ದಾಟಿ ಕ್ವಾರ್ಟರ್ ಫೈನಲ್‌ಗೆ ಬಂದಿದ್ದ ಎಂಟು ಜನರಲ್ಲಿ ನಾನೂ ಒಬ್ಬ ಅಂದರೆ ನನಗೇ ನಂಬಿಕೆ ಇರಲಿಲ್ಲ. ಎದುರಿಗೆ ಅಂಕಲ್.

2–2. ಕೊನೆ ಫ್ರೇಮ್. ನನಗೆ ಸ್ಮಾಲ್. ಆರು ಹಾಕಿದ್ದೆ, 3ನೇ ನಂಬರಿನ ಕೆಂಪು ಬಾಲ್ ಮಾತ್ರ ಬಾಕಿ, ಕುಶನ್ನಿಗೆ ಅಂಟಿಕೊಂಡು ಕೂತಿತ್ತು. ಬ್ರೇಕ್, ಅಂದರೆ ಫ್ರೇಮಿನ ಮೊದಲ ಹೊಡೆತ, ಆದಾಗಿನಿಂದ ಅಲ್ಲೇ ಇತ್ತು. ಅಂಕಲ್‌ಗೆ ಮೂರು ಬಾಕಿ. ಅವರು ಒಂದು ಬ್ಯಾಂಕ್ ಹೊಡೆದರು, ಕುಶನ್ನಿಗೆ ಬಡಿಸಿ ಎದುರು ಪಾಕೆಟಿಗೆ. ಸಿಗಲಿಲ್ಲ. ಆದರೆ ವೈಟ್ ಮೆತ್ತಗೆ ಉರುಳಿ ಹೋಗಿ ಬ್ಲ್ಯಾಕಿನ ಹಿಂದೆ, ಕೂದಲೆಳೆ ಅಂತರದಲ್ಲಿ ನಿಂತಿತು. ನನಗೆ ಕೆಂಪು ಕಾಣುವುದೇ ಇಲ್ಲ. ಅಂಕಲ್ ಕನ್ನಡಕ ಹಾಕಿಕೊಂಡು ನೋಡಿ, ಕೈ ಎತ್ತಿದರು.

ಜೇಬಿನಿಂದ ಚಾಕ್ ತೆಗೆದೆ. ಹಚ್ಚಿದೆ. ಟೇಬಲ್ ಸುತ್ತ ಒಂದು ಸುತ್ತು ಹಾಕಿದೆ. ಎದುರು ಕುಶನ್ನಿನ ಎರಡನೇ ಡೈಮಂಡ್ ಗುರುತಿಗೆ ಸ್ವಲ್ಪ ಈಚೆ ಬಡಿಸಿದರೆ ತಿರುಗಿ ಬಂದು ಕೆಂಪಿಗೆ ತಾಗಬಹುದು. ಮತ್ತೆ ಚಾಕ್ ಹಚ್ಚಿದೆ, ಬೇಕಿರಲಿಲ್ಲ. ಬಗ್ಗಿದೆ, ಹೊಡೆದೆ. ವೈಟ್ ಹೋಗಿ ಕುಶನ್ನಿಗೆ ಬಡಿದು ವಾಪಸ್ ಬಂದು ಕೆಂಪಿಗೆ ಸರಿಯಾಗಿ ತಾಗಿತು. ಕೆಂಪು ಕುಶನ್ ಬಿಟ್ಟು ಹೊರಟು ಮೂಲೆಯ ಬಾಯಿಗೆ ಬಂದು ನಿಂತಿತು. ಯಾರೋ ಹಿಂದಿನಿಂದ “ಸೂಪರ್” ಅಂದರು. ನನ್ನ ಜೀವನದ ಅತಿ ಒಳ್ಳೆಯ ಹೊಡೆತ, ಅನುಮಾನವೇ ಇಲ್ಲ. ವೈಟ್ ಮಾತ್ರ ಇನ್ನೂ ಉರುಳುತ್ತಲೇ ಇತ್ತು. ಉರುಳಿ ಹೋಗಿ ಅಂಕಲ್ಲಿನ ಮೂರೂ ಬಾಲ್ ಎದುರಿಗೆ ಕಾಣುವ ಜಾಗದಲ್ಲಿ ನಿಂತಿತು.

ಅವರು ಅವಸರ ಮಾಡಲಿಲ್ಲ. ಒಂದು, ಎರಡು, ಮೂರು. ಬ್ಲ್ಯಾಕಿಗೆ ಕ್ಯೂನಿಂದ ಮೂಲೆ ತೋರಿಸಿದರು. ಬಿತ್ತು. ನಾನು ಕಣ್ಣು ಬಿಟ್ಟುಕೊಂಡೇ ನೋಡಿದೆ.

ಕೈ ಕುಲುಕಿ ಬಂದು ಬೆಂಚಿನ ಮೇಲೆ ಕೂತು ರಿಜಿಸ್ಟರ್ ತೆಗೆದೆ. ಲಕ್ ಕಾಲಂನಲ್ಲಿ ಅವರ ಹೆಸರಿಗೆ ಒಂದು ಗೆರೆ ಎಳೆದೆ, ಅದರಲ್ಲಿ ಮೋಸ ಇಲ್ಲ, ಅದು ಫ್ಲೂಕೇ. ಆಮೇಲೆ ಪೆನ್ ಹಿಡಿದುಕೊಂಡು ಸುಮ್ನೆ ಕೂತೆ. ಆ ಕೆಂಪು ಮೂರು. ನಾಲ್ಕನೇ ಬಾಲ್ ಹಾಕುವಾಗ ಸ್ವಲ್ಪ ಜೋರಾಗಿ ಫಾಲೋ ಕೊಟ್ಟಿದ್ದರೆ ವೈಟ್ ಹೋಗಿ ಅದನ್ನು ಎಬ್ಬಿಸಿ ಬಿಡುತ್ತಿತ್ತು. ಆಗ ಕಂಡಿತ್ತು ಕೂಡ. ಕೊನೆಗೆ ನೋಡಿದರಾಯಿತು ಅಂತ ಬಿಟ್ಟಿದ್ದೆ. ಪುಟದ ಅಂಚಿನಲ್ಲಿ ‘ಕೆಂಪು 3, ಮೊದಲೇ ಎಬ್ಬಿಸಬೇಕಿತ್ತು’ ಅಂತ ಬರೆದೆ. ಅದಕ್ಕೆ ಕಾಲಂ ಇರಲಿಲ್ಲ.

ಅಭ್ಯಾಸಬಲ, ಎದ್ದು ಕೌಂಟರಿಗೆ ಹೋಗಿ ಪರ್ಸ್ ತೆಗೆದೆ.

“ಏ, ಇವತ್ತ ಬ್ಯಾಡ್ರೀ ಸಾರ್” ಅಂದ ಮಾರ್ಕರ್ ಹುಡುಗ. “ಟೂರ್ನಮೆಂಟ್ ಐತಿ. ಸೋತವ್ರದು ಟೇಬಲ್ ಫ್ರೀ.”

ಹಿಂದೆ ನಿಂತಿದ್ದ ಅಂಕಲ್ ಕನ್ನಡಕ ಒರೆಸುತ್ತಾ, “ಹಾಗಾದ್ರೆ ಕೆಳಗೆ ಟೀ ಕೊಡಿಸಪ್ಪಾ” ಅಂದರು. “ಒಂದು ದಿಲ್‌ಪಸಂದೂ ಹೇಳು. ಸೆಮಿಫೈನಲ್ಲಿಗೆ ಇನ್ನೂ ಅರ್ಧ ಗಂಟೆ ಇದೆ.”